ಬಡ್ಡಿಬೇಟ

ವುಡಿ ಅಲೆನ್ನನ ‘ಮ್ಯಾಚ್ ಪಾಯಿಂಟ್’ (2005) ಸಿನಿಮಾ ಒಂದು ಟೆನಿಸ್ ಚೆಂಡಿನಿಂದ ಶುರುವಾಗುತ್ತದೆ. ಚೆಂಡು ಬಲೆಯ ಅಂಚಿಗೆ ತಗುಲಿ ನೆಟ್ಟಗೆ ಮೇಲೆದ್ದಿದೆ. ಯಾವ ಕಡೆ ಬೀಳಲಿ ಎಂದು ಇನ್ನೂ ಯೋಚಿಸುತ್ತಿದೆ. ನಿರ್ದೇಶಕ ಅಲ್ಲಿಗೇ ಚಿತ್ರವನ್ನು ನಿಲ್ಲಿಸಿಬಿಡುತ್ತಾನೆ. ಆಚೆ ಬಿದ್ದರೆ ಗೆಲುವು, ಈಚೆ ಬಿದ್ದರೆ ಸೋಲು. ಜಿಗಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಗಾರಿಕಾ ಪ್ರದೇಶಕ್ಕೆಂದು ಕೆಐಎಡಿಬಿ ಗೆರೆ ಎಳೆದಂದಿನಿಂದ ನಮ್ಮೂರ ಹಣೆಬರಹವೇ ಚೆಂಡಾಟ. ಗೆರೆಯಾಚೆ ಉಳಿದ ರಾಗಿಹೊಲ ಬಾಡಿಗೆಮನೆಗಳ ಸಾಲಾಯಿತು; ಗೆರೆಯೊಳಗೆ ಸಿಕ್ಕ ಹೊಲಕ್ಕೆ ಪರಿಹಾರ ಬಂತು, ಪರಿಹಾರಕ್ಕೊಂದು ಬುಲೆಟ್ ಬಂತು, ಮಿಕ್ಕದ್ದು ಎಲ್ಲಿ ಹೋಯಿತೆಂದು ಟೀ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರಕ್ಕೆ ಬಂದ ಮೇಲಂತೂ, ಸೈಟು ಮಾರುವವರ ಬಾಯಲ್ಲಿ ಆ ಬೊಮ್ಮಸಂದ್ರ ದಿನಕ್ಕಿಷ್ಟು ಜಿಗಣಿಯತ್ತ ಸರಿಯುತ್ತಿದೆ.

ನನ್ನ ಮಹತ್ವಾಕಾಂಕ್ಷೆ ಎರಡನೇ ಲೋಟ ಕಾಫಿಯ ಆಚೆಗೆ ದಾಟಿದ್ದಿಲ್ಲವಾದ್ದರಿಂದ ಇಂಥವನ್ನೆಲ್ಲ ನೋಡುತ್ತ ಕೂರಲು ಬೇಕಾದಷ್ಟು ಪುರುಸೊತ್ತಿದೆ. ಎಪಿಸಿ ಸರ್ಕಲ್ ಕಡೆ ನಡೆದರೆ ಗ್ರಾನೈಟ್ ಹಲಗೆಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಅಂಗಡಿಯವನು ಗಿರಾಕಿಗೆ ತೋರಿಸಲೆಂದು ಒಂದರ ಮೇಲೆ ನೀರು ಚಿಮುಕಿಸುತ್ತಾನೆ. ಬೂದುಧೂಳಿನಡಿಯಿಂದ ಕಪ್ಪು ಎದ್ದುಬರುತ್ತದೆ, ಕಪ್ಪಿನೊಳಗೆ ಚುಕ್ಕಿಚುಕ್ಕಿ ಬೆಳ್ಳಿ, ಬೆಳ್ಳಿಯ ನಡುವೆ ನನ್ನ ಮುಖ. ನೀರು ಆರುವುದರೊಳಗೆ ನಾನು ಮಾಯ. ಕೊಳ್ಳುವುದು ಏನೂ ಇಲ್ಲದಿದ್ದರೂ ಇದಕ್ಕಾಗಿ ನಿಲ್ಲುತ್ತೇನೆ.

ಇರಲಿ, ಸಿನಿಮಾ ನಡೆಯುವ ಲಂಡನ್ನಿಗೆ ಹೋಗೋಣ. ಬಡ ಟೆನಿಸ್ ಕೋಚ್ ಕ್ರಿಸ್ ಸಿರಿವಂತರ ಮನೆಯ ಅಳಿಯನಾಗುತ್ತಾನೆ. ಭಾವಮೈದುನನ ಮಾಜಿ ಪ್ರೇಯಸಿಯ ಬೆನ್ನು ಹತ್ತುತ್ತಾನೆ. ಆ ಕಳ್ಳಬೇಟ ಕೊರಳಿಗೆ ಬಂದಾಗ ಅವಳನ್ನೂ ಪಕ್ಕದ ಮನೆಯ ಮುದುಕಿಯನ್ನೂ ಕೊಲ್ಲುತ್ತಾನೆ. ಮುದುಕಿಯ ಉಂಗುರವನ್ನು ಥೇಮ್ಸ್ ನದಿಗೆ ಎಸೆದರೆ ಅದು ಕಂಬಿಗೆ ಬಡಿದು ಈಚೆಗೇ ಬೀಳುತ್ತದೆ. ಇನ್ನೇನು ಸಿಕ್ಕಿಬಿದ್ದ ಎಂದುಕೊಳ್ಳುವಷ್ಟರಲ್ಲಿ ಉಂಗುರ ಇನ್ಯಾರದೋ ಜೇಬು ಸೇರಿ, ಅವನ ಹೆಣದ ಮೇಲೆ ಸಿಕ್ಕಿ, ಕ್ರಿಸ್‌ನನ್ನೇ ಪಾರುಮಾಡುತ್ತದೆ. ತಪ್ಪು ಕಡೆ ಬಿದ್ದದ್ದೇ ಅದೃಷ್ಟ!

ಈ ಉಂಗುರ ಕಂಡಾಗಲೆಲ್ಲ ನನಗೆ ನೆನಪಾಗುವುದು ಒಂದು ಲೆಕ್ಕದ ಪುಸ್ತಕ. ಆರ್.ಕೆ. ನಾರಾಯಣರ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ (1952) ಕಾದಂಬರಿಯ ಮಾರ್ಗಯ್ಯ ಸಹಕಾರಿ ಬ್ಯಾಂಕಿನ ಎದುರಿನ ಆಲದ ಮರದಡಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ರೈತರಿಗೆ ಸಾಲದ ಅರ್ಜಿ ತುಂಬಿಕೊಡುವವನು. ಮುದ್ದಿನ ಮಗ ಬಾಲು ಒಂದು ದಿನ ಆ ಲೆಕ್ಕದ ಪುಸ್ತಕವನ್ನು ಚರಂಡಿಗೆ ಎಸೆಯುತ್ತಾನೆ. ಕಸುಬು ಮುಗಿಯಿತು. ಮುಗಿದದ್ದರಿಂದಲೇ ಮಾರ್ಗಯ್ಯ ಪೂಜಾರಿಯ ಮಾತು ಕೇಳಿ 40 ದಿನ ಲಕ್ಷ್ಮಿಯ ಪೂಜೆಗೆ ಕೂರುತ್ತಾನೆ, ಪೂಜೆಗೆ ಬೇಕಾದ ಕೆಂದಾವರೆ ಹುಡುಕುತ್ತ ಕೊಳಕ್ಕೆ ಹೋಗುತ್ತಾನೆ, ಕೊಳದ ಬಳಿ ಡಾಕ್ಟರ್ ಪಾಲ್ ಸಿಗುತ್ತಾನೆ. ಪಾಲ್ ಕೊಟ್ಟ ದಾಂಪತ್ಯರಹಸ್ಯದ ಹಸ್ತಪ್ರತಿಯಿಂದಲೇ ಮಾರ್ಗಯ್ಯನ ಮನೆಗೆ ದುಡ್ಡು ಹರಿಯತೊಡಗುತ್ತದೆ. ಪೂಜೆಗೆ ಒಲಿದ ಲಕ್ಷ್ಮಿ ಶಯನಗೃಹದ ಪುಸ್ತಕದ ಮೂಲಕ ಬರುವುದು ನಾರಾಯಣರ ತುಂಟತನ. ಅಲೆನ್ನನ ಅದೃಷ್ಟ ಕಂಬಿಗೆ ಬಡಿದು ಸುಮ್ಮನಾಗುತ್ತದೆ; ನಮ್ಮದಕ್ಕೆ ಹೂವು, ತುಪ್ಪ, ಮಡಿ ಎಲ್ಲ ಬೇಕು.

ಈ ಕಾದಂಬರಿಯನ್ನು ಟಿ.ಎಸ್. ನಾಗಾಭರಣ 1983ರಲ್ಲಿ ‘ಬ್ಯಾಂಕರ್ ಮಾರ್ಗಯ್ಯ’ ಎಂದು ತೆರೆಗೆ ತಂದರು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಮಾರ್ಗಯ್ಯನಾಗಿ ಲೋಕೇಶ್, ಹೆಂಡತಿಯಾಗಿ ಜಯಂತಿ. ಈ ಕತೆಯಲ್ಲಿ ದಾಂಪತ್ಯದ್ರೋಹ ಎಂದರೆ ಎಲ್ಲರೂ ಮಗ ಬಾಲುವಿನತ್ತ ಬೆರಳು ತೋರಿಸುತ್ತಾರೆ. ಅವನು ಪಾಲ್‌ನ ಸಹವಾಸಕ್ಕೆ ಬಿದ್ದು ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ರಾತ್ರಿಯೆಲ್ಲ ಅಲೆಯುವವನು, ನಿಜ. ಆದರೆ ನನ್ನ ಕಣ್ಣಿಗೆ ಮೊದಲ ಅಪರಾಧಿ ಅಪ್ಪನೇ. ಹೆಂಡತಿ ಎದುರಿಗಿದ್ದರೂ ಅವನ ಮನಸ್ಸು ಬಡ್ಡಿಯ ಮಗ್ಗುಲಲ್ಲಿ. ದುಡ್ಡು ರಾತ್ರಿಯಲ್ಲೂ ಮಲಗದೆ ಬೆಳೆಯುತ್ತದೆ ಎಂಬ ಬೆರಗಿನಲ್ಲಿ ಅವನೂ ಮಲಗಲಾರ. ಈ ಬಡ್ಡಿಬೇಟಕ್ಕೆ ಸಿಕ್ಕವನ ಹೆಂಡತಿಯ ಪಾಡು ನೋಡಿ: ಜುಟ್ಟು ಹಿಡಿದು ಜಗಳವಾಡೋಣವೆಂದರೆ ಸವತಿಗೆ ಜುಟ್ಟೇ ಇಲ್ಲ. ಅಲೆನ್ನನ ಸಿನಿಮಾದಲ್ಲಿ ಹೆಂಡತಿಗೆ ಏನೂ ತಿಳಿಯುವುದಿಲ್ಲ. ಇಲ್ಲಿ ಎಲ್ಲ ತಿಳಿದೂ ದೂರು ಕೊಡುವ ಜಾಗವಿಲ್ಲ.

ಕೊನೆಗೆ ಮಗನನ್ನು ಕೆಡಿಸಿದನೆಂದು ಮಾರ್ಗಯ್ಯ ಪಾಲ್‌ಗೆ ಹೊಡೆಯುತ್ತಾನೆ. ಪಾಲ್ ಊರೊಳಗೆ ಒಂದು ಗಾಳಿಮಾತು ಬಿಡುತ್ತಾನೆ, ಬಡ್ಡಿಯಾಸೆಗೆ ಮಾರ್ಗಯ್ಯನಲ್ಲಿ ಠೇವಣಿ ಇಟ್ಟವರೆಲ್ಲ ಬಾಗಿಲಿಗೆ ಬರುತ್ತಾರೆ. ಸಂಜೆಗೆ ಮನೆ ಖಾಲಿ. ಮತ್ತೆ ಆಲದ ಮರ, ಮತ್ತೆ ಪೆಟ್ಟಿಗೆ. ಶಿಕ್ಷೆಯಿಲ್ಲದೆ ಪಾರಾಗುವ ಕ್ರಿಸ್‌ಗಿಂತ, ಪೆಟ್ಟಿಗೆ ತಗೊಂಡು ಹೋಗಿ ಕೂರು ಎಂದು ಮಗನಿಗೆ ಹೇಳಿ, ಅವನು ಹಿಂಜರಿದರೆ ತಾನೇ ಹೊರಡಲು ಸಿದ್ಧನಾಗುವ ಈ ಭಂಡನೇ ನನಗೆ ಇಷ್ಟ.

ಈ ಮಾರ್ಗಯ್ಯನ ವಂಶದವರು ಆನೇಕಲ್‌ನಲ್ಲಿ ಈಗಲೂ ಸಿಗುತ್ತಾರೆ, ಪೆಟ್ಟಿಗೆಯ ಜಾಗದಲ್ಲಿ ಲ್ಯಾಪ್‌ಟಾಪು, ಆಲದ ಬದಲು ಝೆರಾಕ್ಸ್ ಅಂಗಡಿಯ ಶೀಟು. ಪಹಣಿ, ಇ-ಖಾತಾ, ಬಾಡಿಗೆ ಕರಾರು ಎಲ್ಲಕ್ಕೂ ಅವರೇ ಗತಿ. ಅಂಥವನೊಬ್ಬನಿಗೆ ಪ್ರಿಂಟು ಬರುವ ತನಕ ಮಾರ್ಗಯ್ಯನ ಕತೆ ಹೇಳಿದೆ. ಲಕ್ಷ್ಮಿ, ಪಾಲ್, ಬಾಲು ಯಾರೂ ಅವನನ್ನು ಅಲ್ಲಾಡಿಸಲಿಲ್ಲ.

“ಅದಿರ್ಲಿ ಸಾರ್, ಆ ಮರದ ಜಾಗ ಯಾರ ಹೆಸರಲ್ಲಿತ್ತು?” ಎಂದ.

ಬ್ಯಾಂಕಿನದೋ ಮುನಿಸಿಪಾಲಿಟಿಯದೋ ಇರಬೇಕು ಎಂದೆ.

“ಹಂಗಾದ್ರೆ ಎಬ್ಬಿಸ್ತಾರೆ ಬಿಡಿ,” ಎಂದು ಸ್ಟೇಪ್ಲರ್ ಒತ್ತಿದ. “ನೂರಿಪ್ಪತ್ತು ಆಯ್ತು ಸಾರ್.”