ನೆರೆಮನೆಯ ಗೋಲ್‌ಕೀಪರು

ಸೋಲು ಕಟ್ಟಿಟ್ಟದ್ದೆಂದು ತಿಳಿದೂ ಆಟಕ್ಕಿಳಿಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಕ್ಕರೆ. ಬುದ್ಧಿವಂತರು ಅದನ್ನು ಹುಂಬತನವೆನ್ನುತ್ತಾರೆ, ಎನ್ನಲಿ. ಗೆಲ್ಲುವುದು ಖಂಡಿತವೆಂದಾದ ಮೇಲೆ ಆಡುವುದರಲ್ಲಿ ಸೊಗಸೇನು? ಈ ಅಕ್ಕರೆಯಿಂದಲೇ ನಾನು ಬಹಳ ವರ್ಷಗಳಿಂದ ಫ್ಯಾರೋ ದ್ವೀಪಗಳ ಫುಟ್‌ಬಾಲ್ ಸುದ್ದಿಯನ್ನು ಹುಡುಕಿ ಓದುತ್ತ ಬಂದಿದ್ದೇನೆ. ಮನೆಯಲ್ಲಿ ಇದೊಂದು ವಿನೋದದ ಮಾತು.

ಐಸ್‌ಲೆಂಡಿಗೂ ಸ್ಕಾಟ್‌ಲೆಂಡಿಗೂ ನಡುವೆ, ತಣ್ಣನೆಯ ಕಡಲಿನಲ್ಲಿ 18 ದ್ವೀಪಗಳು. ಡೆನ್ಮಾರ್ಕಿನ ರಾಜ್ಯಕ್ಕೆ ಸೇರಿದ್ದರೂ ಮನೆಯ ಆಡಳಿತ ತಮ್ಮದೇ, ನುಡಿಯೂ ತಮ್ಮದೇ. ಜನ ಸುಮಾರು 55 ಸಾವಿರ. ಕುರಿಗಳು ಅದಕ್ಕಿಂತ ಹೆಚ್ಚು. ಮರ ಅಪರೂಪ, ಮಳೆ ಧಾರಾಳ, ಗಾಳಿ ಇನ್ನೂ ಧಾರಾಳ. ನೆಲವೆಲ್ಲ ಇಳಿಜಾರು; ಚೆಂಡು ಉರುಳಿಹೋಗದಷ್ಟು ಸಮತಟ್ಟಾದ ಜಾಗವೇ ಒಂದು ಐಶ್ವರ್ಯ. ಹೀಗಿದ್ದೂ ಅಲ್ಲಿ ಸಣ್ಣ ಸಣ್ಣ ಊರುಗಳಿಗೂ ಕ್ಲಬ್ಬುಗಳುಂಟು. ಮೊದಲನೆಯದು ಹುಟ್ಟಿದ್ದು 1892ರಲ್ಲಿ. ಲೀಗ್ ಪಂದ್ಯಗಳು ಮೊದಲಾದದ್ದು 1942ರಲ್ಲಿ. ಕಡಲಡಿಯ ಸುರಂಗಗಳು ಬರುವ ಮುಂಚೆ, ಎದುರು ದ್ವೀಪದವರೊಡನೆ ಆಡಬೇಕಾದರೆ ದೋಣಿ ಹತ್ತಬೇಕಿತ್ತು.

1990ರ ಸೆಪ್ಟೆಂಬರ್ 12ರಂದು ಈ ಜನ ಯೂರೋಪಿನ ಚಾಂಪಿಯನ್‌ಷಿಪ್ಪಿನ ಅರ್ಹತಾ ಸುತ್ತಿನಲ್ಲಿ ತಮ್ಮ ಮೊದಲ ಪಂದ್ಯವಾಡಿದರು. ಎದುರಾಳಿ ಆಸ್ಟ್ರಿಯಾ, ಆ ಬೇಸಗೆಯಲ್ಲಿ ತಾನೇ ಇಟಲಿಯ ವಿಶ್ವಕಪ್ಪಿನಲ್ಲಿ ಆಡಿ ಬಂದಿದ್ದ ತಂಡ. ಪಂದ್ಯಕ್ಕೆ ಬೇಕಾದ ಹುಲ್ಲಿನ ಅಂಗಣ ಊರಿನಲ್ಲಿರಲಿಲ್ಲವಾಗಿ, ತವರಿನ ಪಂದ್ಯವನ್ನು ಸ್ವೀಡನ್ನಿನ ಲಾಂಡ್ಸ್‌ಕ್ರೂನಾದಲ್ಲಿ ಆಡಬೇಕಾಯಿತು. ಫಲಿತಾಂಶ: ಫ್ಯಾರೋ 1, ಆಸ್ಟ್ರಿಯಾ 0! ಗೋಲು ಹೊಡೆದ ಟೋರ್ಕಿಲ್ ನೀಲ್ಸೆನ್ ಮರಮುಟ್ಟಿನ ಮಾರಾಟಗಾರ. ಗೋಲು ಕಾಯ್ದ ಯೆನ್ಸ್ ಮಾರ್ಟಿನ್ ಕ್ನುಡ್ಸೆನ್ ಮೀನಿನ ಕಾರ್ಖಾನೆಯಲ್ಲಿ ಸರಕೆತ್ತುವ ಗಾಡಿ ನಡೆಸುವವನು. ತಲೆಯ ಮೇಲೆ ಗೊಂಡೆ ಕಟ್ಟಿದ ಬಿಳಿಯ ಉಣ್ಣೆಯ ಟೋಪಿ. ಆಮೇಲೆ ಟೋಫ್ಟಿರ್ ಎಂಬ ಊರಿನ ಗುಡ್ಡದಲ್ಲಿ ಬಂಡೆ ಸಿಡಿಸಿ ಹುಲ್ಲಿನ ಅಂಗಣ ಮಾಡಿಕೊಂಡರು.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಗೆಲುವಿಗಿಂತ ಆ ಟೋಪಿಯೇ. ನಮ್ಮಂಥ ದೊಡ್ಡ ದೇಶದವರಿಗೆ ಆಟಗಾರನೆಂದರೆ ದೂರದ ನಕ್ಷತ್ರ. ಅವನನ್ನು ಪೂಜಿಸಲೂಬಹುದು, ಬಯ್ಯಲೂಬಹುದು. ಎರಡಕ್ಕೂ ನಾವು ಉತ್ತರ ಹೇಳಬೇಕಾಗಿಲ್ಲ. 55 ಸಾವಿರ ಜನರ ನಾಡಿನಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಗೋಲ್‌ಕೀಪರು ಯಾರದೋ ಅಕ್ಕನ ಮಗ, ಯಾರದೋ ಸಹಪಾಠಿ, ಇನ್ನಾರದೋ ನೆರೆಮನೆಯವನು. ಚೆಂಡು ಕೈಜಾರಿತೆಂದು ಸಂಜೆ ಕೂಗಾಡಿದವನು ಬೆಳಗ್ಗೆ ಅಂಗಡಿಯಲ್ಲಿ ಅವನ ಪಕ್ಕದಲ್ಲೇ ನಿಲ್ಲಬೇಕು. ನಾಲಗೆಗೆ ತಾನಾಗಿ ಒಂದು ಅಳತೆ ಬಂದೀತು, ಹೊಗಳಿಕೆಗೂ ಬಂದೀತು.

ಆದರೆ ಕಾಲ ನಿಂತಿಲ್ಲ. 2023ರಲ್ಲಿ ಕ್ಲಾಕ್ಸ್‌ವೀಕ್ ಎಂಬ ಸುಮಾರು ಐದು ಸಾವಿರ ಜನರ ಊರಿನ ಕ್ಲಬ್ಬು ಹಂಗೆರಿಯ ಹೆಸರಾಂತ ಫೆರೆನ್ಸ್‌ವಾರೋಷ್ ತಂಡವನ್ನು ಬುಡಾಪೆಸ್ಟಿನಲ್ಲಿಯೇ 3–0ರಿಂದ ಸೋಲಿಸಿತು. 2025ರ ಅಕ್ಟೋಬರಿನಲ್ಲಿ ನಾಡಿನ ತಂಡ ತಮ್ಮ ರಾಜಧಾನಿ ಟೋರ್ಸ್‌ಹಾವ್ನಿನಲ್ಲಿ ಚೆಕ್ ತಂಡವನ್ನು 2–1ರಿಂದ ಗೆದ್ದಿತು. ವಿಶ್ವಕಪ್ಪಿನ ಬಾಗಿಲು ತೆರೆಯಲಿಲ್ಲ. ಆದರೂ ಬಾಗಿಲು ತಟ್ಟಿದ ಸದ್ದು ಯೂರೋಪಿಗೆಲ್ಲ ಕೇಳಿಸಿತು. ಈಗ ಅಲ್ಲಿನ ಎಷ್ಟೋ ಹುಡುಗರು ಪರನಾಡಿನ ಕ್ಲಬ್ಬುಗಳಲ್ಲಿ ಆಟವನ್ನೇ ಕಸುಬಾಗಿ ಮಾಡಿಕೊಂಡಿದ್ದಾರೆ.

ಸಂತೋಷವೇ. ಆದರೂ ನನ್ನ ಮನಸ್ಸಿನಲ್ಲಿ ಒಂದು ಅಳುಕು ಉಳಿದಿದೆ. ಗೆಲುವು ಹೆಚ್ಚಿದಂತೆ ನೆರೆಮನೆಯವನು ನಕ್ಷತ್ರವಾಗಿಬಿಟ್ಟರೆ? ಬೇಡವೆನ್ನಲು ನಾನಾರು! ಸೋತವರ ಮೇಲಿನ ಮರುಕ ನೋಡುವವನಿಗೆ ಹಿತ. ಸೋತವನಿಗೆ ಅದರಿಂದ ಏನೂ ಬಾರದು. ಶತಮಾನ ಕಾಲ ಮಳೆಯಲ್ಲಿ ನೆನೆದು ಆಡಿದ ಜನಕ್ಕೆ ಗೆಲ್ಲುವ ಹಕ್ಕು ಎಲ್ಲರಂತೆಯೇ ಉಂಟು. ಗೆಲ್ಲಲಿ. ಗೆದ್ದು ಬಂದವನನ್ನು ಅಂಗಡಿಯವನು ಮನೆಯ ಹೆಸರಿನಿಂದಲೇ ಕರೆದು ಮಾತಾಡಿಸುವಷ್ಟು ಕಾಲ, ಆ ನಾಡಿಗೆ ಅವರ ಆಟದಿಂದ ನಷ್ಟವಿಲ್ಲ.