ಸುಬೇದಾರರ ದುರ್ಬೀನು

ಕೋವಿಗೂ ನಿನಗೂ ಏನು ನಂಟೆಂದು ವಾಚಕ ಮಹಾಶಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಬಾಲ್ಯದಲ್ಲಿ ಅಮರಕೋಶವನ್ನು ಉರುಹೊಡೆದು, ಯೌವನದಲ್ಲಿ ತರ್ಕಸಂಗ್ರಹದೊಡನೆ ಹೆಣಗಿ, ಆಮೇಲೆ ಮೂವತ್ತು ವರ್ಷಕ್ಕೂ ಮಿಕ್ಕಿ ದಕ್ಷಿಣ ಕೊಡಗಿನ ಶಾಲೆಯೊಂದರಲ್ಲಿ ಕನ್ನಡ ಸಂಸ್ಕೃತಗಳನ್ನು ಕಲಿಸಿ ನಿವೃತ್ತನಾದ ನಾನು, ಸೀಮೆಸುಣ್ಣಕ್ಕಿಂತ ಭಾರವಾದ ಆಯುಧವನ್ನು ಕೈಯಲ್ಲಿ ಹಿಡಿದವನಲ್ಲ. ಆದರೆ ಕೊಡಗಿನಲ್ಲಿ ಬಾಳಿದವನಿಗೆ ಕೋವಿಯು ಬಹುಕಾಲ ಅಪರಿಚಿತವಾಗಿ ಉಳಿಯಲಾರದು. ಜನರನ್ನು ನಿರಾಯುಧರನ್ನಾಗಿ ಮಾಡುವ ಕಾನೂನಿನಿಂದ 1861ರಲ್ಲಿ ವಿನಾಯಿತಿ ಪಡೆದ ಜನ ಇವರು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್‌ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ. 1972ರ ಕಾನೂನಿನ ತರುವಾಯ ಬೇಟೆಯ ಮಾತು ಮುಗಿಯಿತು. ಉಳಿದದ್ದು ಗುರಿಹಲಗೆಗೆ ಹೊಡೆಯುವ ವಿನೋದ. ಅದನ್ನು ವಿನೋದವೆಂದು ನಮ್ಮ ನೆರೆಮನೆಯ ಸುಬೇದಾರರೆದುರು ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಸುಬೇದಾರರಿಗೆ ಆಗ ಎಪ್ಪತ್ತೊಂದು ವರ್ಷ. ಸೈನ್ಯದಿಂದ ಬಂದು ಕಾಫಿತೋಟ ನೋಡಿಕೊಂಡು ಇದ್ದವರು. ಅವರದು ಇಪ್ಪತ್ತೆರಡರ ಸಣ್ಣ ರೈಫಲು. ಕೋವಿಯ ಮೇಲಣ ಹಿಂದಿನ ಕಚ್ಚು, ಮುಂದಿನ ಮೊನೆ, ದೂರದ ಗುರಿ, ಈ ಮೂರನ್ನೂ ಒಂದೇ ನೋಟದಲ್ಲಿ ಹಿಡಿಯುವ ಶಕ್ತಿ ವಯಸ್ಸಾದ ಕಣ್ಣಿಗೆ ಇರುವುದಿಲ್ಲ. ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಮಗನು ಒಂದು ದುರ್ಬೀನನ್ನು ತಂದು ಕೋವಿಯ ಮೇಲೆ ಕೂರಿಸಿಕೊಟ್ಟನು. ಕಣ್ಣಿನ ಬಳಿಯ ಉಂಗುರವನ್ನು ತಿರುಗಿಸಿದರೆ ಗುರಿಯು ಮೂರು ಮಡಿಯಿಂದ ಒಂಬತ್ತು ಮಡಿಯವರೆಗೆ ದೊಡ್ಡದಾಗಿ ಕಾಣುವುದು. ನಡುವೆ ಕೂದಲೆಳೆಯಂತಹ ಕತ್ತರಿಗೆರೆ. ಆ ವರ್ಷದ ಬೇಸಗೆಯಲ್ಲಿ ಐವತ್ತು ಗಜದಿಂದ ಅವರು ಹೊಡೆದ ಐದು ಗುಂಡುಗಳು ಒಂದಂಗುಲದೊಳಗೆ ನಿಲ್ಲುತ್ತಿದ್ದುದನ್ನು ನಾನೇ ಕಂಡಿದ್ದೇನೆ.

2023ರ ಜುಲೈ ತಿಂಗಳಲ್ಲಿ ಆ ಒಂದಂಗುಲವು ನಾಲ್ಕಂಗುಲವಾಯಿತು. ಸುಬೇದಾರರು ತೋಟಾಗಳನ್ನು ಬದಲಿಸಿದರು, ತಿರುಪುಗಳನ್ನು ಬಿಗಿದರು, ದುರ್ಬೀನಿನ ಗುಂಡಿಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರು; ಇವೆಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ. ಸಂಜೆಗೆ ಗುರಿಯ ಕಾಗದವು ಸಿಡುಬು ಬಂದವನ ಮುಖದಂತಾಗಿತ್ತು. ಮರುದಿನ ಅವರ ಮನೆಯವರು ಬೇಲಿಯ ಬಳಿ ಬಂದು, “ನೀವೊಂದು ಮಾತು ಹೇಳಬೇಕು ಮೇಷ್ಟ್ರೇ. ಕೈ ಸತ್ತುಹೋಯಿತು, ಈ ಸಲ ಕೈಲ್‌ಮುಹೂರ್ತದ ಪೂಜೆ ಮುಗಿದ ಕೂಡಲೇ ಕೋವಿಯನ್ನು ತಮ್ಮನ ಮಗನಿಗೆ ಕೊಟ್ಟುಬಿಡುತ್ತೇನೆ ಅನ್ನುತ್ತಾರೆ. ರಾತ್ರಿ ಊಟ ಮಾಡಲಿಲ್ಲ” ಎಂದರು. ಸೆಪ್ಟೆಂಬರ್ 3ಕ್ಕೆ ಐದು ವಾರಗಳಿದ್ದವು.

ನಾನೇನು ಹೇಳಲಿ? ನನಗೆ ತಿಳಿದದ್ದು ಒಂದೇ, ಪಾಠಶಾಲೆಯಲ್ಲಿ ಕಲಿತ ಅನ್ವಯವ್ಯತಿರೇಕ. ಯಾವುದು ಇದ್ದರೆ ದೋಷವಿರುವುದೋ, ಯಾವುದನ್ನು ತೆಗೆದರೆ ದೋಷವೂ ಹೋಗುವುದೋ, ಅದೇ ಕಾರಣ. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ಗುಣ ಕಂಡರೂ ಯಾವುದರಿಂದೆಂದು ತಿಳಿಯದು. ಒಂದು ನೋಟುಪುಸ್ತಕವನ್ನು ಕೊಂಡುಹೋಗಿ, “ಸುಬೇದಾರರೇ, ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಹೊಸ ಕಾಗದ, ಐದೇ ಗುಂಡು. ನಾನು ಬರೆದುಕೊಳ್ಳುತ್ತೇನೆ” ಎಂದೆ. ಶಿಸ್ತಿನ ಮಾತಾದ್ದರಿಂದ ಅವರು ಒಪ್ಪಿದರು. ಮಳೆ ಬಿಡುವು ಕೊಟ್ಟಾಗಲೆಲ್ಲ ಅವರ ಜೀಪಿನಲ್ಲಿ ಗುರಿಮೈದಾನಕ್ಕೆ ಹೋಗುವುದಾಯಿತು.

ಮೊದಲನೆಯ ಕಳ್ಳ ಬೇಗನೆ ಸಿಕ್ಕಿದ. ದುರ್ಬೀನನ್ನು ಹಿಡಿದಿರುವ ಬಳೆಗಳ ತಿರುಪುಗಳನ್ನು ಅವರು ಬಿಗಿದದ್ದೇನೋ ನಿಜ; ಆದರೆ ಆ ಬಳೆಗಳು ಕುಳಿತಿರುವ ಅಡಿಪಟ್ಟಿಯ ತಿರುಪುಗಳು ದುರ್ಬೀನನ್ನು ಕಳಚಿದ ಹೊರತು ಕಾಣುವುದಿಲ್ಲ. ಕಳಚಿ ನೋಡಿದರೆ ಹಿಂಬದಿಯದು ಅರ್ಧ ಸುತ್ತು ಸಡಿಲ. ತೋಟದ ರಸ್ತೆಯಲ್ಲಿ ಜೀಪಿನ ಕುಲುಕಾಟ ಮಾಡಿದ ಕೆಲಸವಿದ್ದೀತು. ಎಣ್ಣೆಯನ್ನು ಒರಸಿ ಬಿಗಿದ ಮೇಲೆ ನಾಲ್ಕಂಗುಲವು ಎರಡಾಯಿತು. ಬಳೆಗಳನ್ನು ಮಾತ್ರ ಅವರು ಸೈನಿಕನ ಬಲದಿಂದ ಬಿಗಿದಿದ್ದರು. ಅತಿಯಾಗಿ ಬಿಗಿದರೆ ಕೊಳವೆ ಅಮುಕಿ ಒಳಗಿನ ಮಸೂರಗಳ ಚಲನೆಗೆ ಅಡ್ಡಿಯಾಗುತ್ತದೆ. ಅವನ್ನು ತುಸು ಸಡಿಲಿಸಿದೆವು.

ಮಳೆಗಾಲದಲ್ಲಿ ಮರವು ನೀರು ಕುಡಿದು ಉಬ್ಬುತ್ತದೆ. ಉಬ್ಬಿದ ಹಿಡಿಮರವು ನಳಿಗೆಯನ್ನು ಒತ್ತಿದರೆ ಗುಂಡು ದಾರಿ ಬಿಡುತ್ತದೆ. ಇದು ಸುಬೇದಾರರ ಶಂಕೆ. ನಳಿಗೆಗೂ ಮರಕ್ಕೂ ನಡುವೆ ಕಾಗದದ ಚೂರನ್ನು ತೂರಿಸಿ ಎಳೆದೆವು, ತಡೆಯಿಲ್ಲದೆ ಬಂತು. ಮರವು ನಿರಪರಾಧಿ. ಗುಂಡಿಗಳನ್ನು ಪರೀಕ್ಷಿಸುವುದಕ್ಕೆ ಅವರಿಗೆ ಗೊತ್ತಿದ್ದ ಒಂದು ಚೌಕದ ಲೆಕ್ಕವಿತ್ತು. ಒಂದು ‘ಟಿಕ್’ ಎಂದರೆ ಕಾಲು ಕಲೆ. ಅಂಶವನ್ನು ಅರವತ್ತು ಮಾಡಿದರೆ ಒಂದು ಕಲೆ ಎಂಬ ನಮ್ಮ ಪಂಚಾಂಗದ ಮಾನವೇ ಕೋವಿಯ ಮೇಲೆ ಕುಳಿತಿರುವುದನ್ನು ಕಂಡು ನನಗಾದ ಸಂತೋಷವನ್ನು ಮರೆಮಾಚಲಾರೆ. ಮೇಲಕ್ಕೆ ಇಪ್ಪತ್ತು ಟಿಕ್ಕು, ಬಲಕ್ಕೆ ಇಪ್ಪತ್ತು, ಕೆಳಕ್ಕೆ, ಮತ್ತೆ ಎಡಕ್ಕೆ. ಐವತ್ತು ಗಜದಲ್ಲಿ ಒಂದೊಂದು ಭುಜವೂ ಎರಡೂವರೆ ಅಂಗುಲಕ್ಕೆ ತುಸು ಮಿಕ್ಕಿರಬೇಕು, ಕೊನೆಗೆ ಹೊರಟಲ್ಲಿಗೇ ಬರಬೇಕು. ಬಂತು. ಗುಂಡಿಗಳೂ ಪಾರಾದವು.

ನಾಲ್ಕನೆಯ ದಿನ ಸುಬೇದಾರರು ಒಂದು ವಿಚಿತ್ರವನ್ನು ತೋರಿಸಿದರು. ಕೋವಿಯನ್ನು ಮರಳಿನ ಚೀಲಗಳ ಮೇಲೆ ಅಲುಗದಂತೆ ಇಟ್ಟು, ಕಣ್ಣನ್ನು ಮಾತ್ರ ಅತ್ತಿತ್ತ ಸರಿಸಿದರೆ, ಕತ್ತರಿಗೆರೆಯು ಗುರಿಯ ಮೇಲೆ ತಾನೇ ಓಡಾಡುವಂತೆ ಕಾಣುತ್ತಿತ್ತು. ಅವರಿಗೆ ಇದು ಮಾಯೆ. ನನಗೆ ಹಳೆಯ ಗೆಳೆಯ. ಸೂರ್ಯಗ್ರಹಣದ ಗಣಿತದಲ್ಲಿ ಇದಕ್ಕೆ ಲಂಬನವೆಂದು ಹೆಸರು. ಚಂದ್ರನು ಹತ್ತಿರ, ಸೂರ್ಯನು ದೂರ. ಆದುದರಿಂದ ನೋಡುವವನು ನಿಂತ ಸ್ಥಳ ಬದಲಾದರೆ ಒಂದು ಇನ್ನೊಂದರ ಮೇಲಿನಿಂದ ಸರಿಯುತ್ತದೆ. ಚಂದ್ರಗ್ರಹಣಕ್ಕೆ ಲಂಬನದ ಗೊಡವೆಯಿಲ್ಲ, ನೆರಳು ಚಂದ್ರನ ಮೈಮೇಲೆಯೇ ಬೀಳುವುದರಿಂದ. ದುರ್ಬೀನಿನಲ್ಲಿಯೂ ಹಾಗೆಯೇ. ಗುರಿಯ ಬಿಂಬವು ಕತ್ತರಿಗೆರೆ ಇರುವ ಸ್ಥಳದಲ್ಲಿಯೇ ಮೂಡಿದರೆ ಕಣ್ಣು ಎಲ್ಲಿದ್ದರೂ ಚಿಂತೆಯಿಲ್ಲ. ಈ ದುರ್ಬೀನನ್ನು ನೂರು ಗಜಕ್ಕೆಂದು ಹೊಂದಿಸಿದ್ದರು. ನಾವು ಹೊಡೆಯುತ್ತಿದ್ದುದು ಐವತ್ತರಿಂದ. ಕಣ್ಣು ಗಾಜಿನ ಅಂಚಿಗೆ ಸರಿದಾಗ ಅರ್ಧ ಅಂಗುಲಕ್ಕೆ ತುಸು ಕಡಿಮೆ ತಪ್ಪಾಗಬಹುದಾಗಿತ್ತು. ಬಳೆಗಳು ಎತ್ತರವಾದುದರಿಂದ ಸುಬೇದಾರರ ಕೆನ್ನೆಗೆ ಮರದ ಆಸರೆಯಿಲ್ಲದೆ ತಲೆ ತೇಲುತ್ತಿತ್ತು. ಹಳೆಯ ಕಂಬಳಿಯ ತುಂಡೊಂದನ್ನು ಮಡಿಸಿ ಹಿಡಿಮರಕ್ಕೆ ಕಟ್ಟಿದೆವು. ತಲೆ ಒಂದು ಕಡೆ ನಿಂತಿತು. ಗುಂಡುಗಳು ಒಂದೂವರೆ ಅಂಗುಲಕ್ಕೆ ಬಂದವು.

ಅಲ್ಲಿಂದ ಮುಂದಕ್ಕೆ ಹತ್ತು ದಿನ ಏನೂ ಸಾಗಲಿಲ್ಲ. ಒಂದು ರಾತ್ರಿ ನೋಟುಪುಸ್ತಕವನ್ನು ತಿರುವಿಹಾಕುತ್ತಿದ್ದಾಗ ಕಣ್ಣಿಗೆ ಬಿದ್ದಿತು: ಗುಂಡುಗಳು ಚೆದರಿರಲಿಲ್ಲ, ಎರಡು ಗುಂಪಾಗಿದ್ದವು. ಗುರಿ ಹುಡುಕುವುದಕ್ಕೆ ಮೂರು ಮಡಿ, ಹೊಡೆಯುವುದಕ್ಕೆ ಒಂಬತ್ತು, ಕಣ್ಣು ದಣಿದರೆ ಮತ್ತೆ ಮೂರು, ಇದು ಸುಬೇದಾರರ ಅಭ್ಯಾಸ. ಮೂರರಲ್ಲಿ ಹೊಡೆದವು ಒಂದು ಕಡೆ. ಒಂಬತ್ತರವು ಅದಕ್ಕೆ ಒಂದಂಗುಲ ಬಲಕ್ಕೆ. ಮರುದಿನ ಗುಂಡು ಹಾಕದೆ ಕೋವಿಯನ್ನು ಮರಳಿನ ಮೇಲೆ ಮಲಗಿಸಿ, ಕತ್ತರಿಗೆರೆಯನ್ನು ಒಂದು ಚುಕ್ಕೆಯ ಮೇಲಿಟ್ಟು, ಮೆಲ್ಲನೆ ಉಂಗುರವನ್ನು ತಿರುಗಿಸಿದೆವು. ಚುಕ್ಕೆಯು ಗೆರೆಯ ಕೆಳಗಿನಿಂದ ಬಸವನಹುಳುವಿನಂತೆ ತೆವಳಿತು; ಮೂರಕ್ಕೆ ಹಿಂದಿರುಗಿಸಿದರೆ ಮರಳಿ ಬಂದಿತು. ನಾಲ್ಕು ಬಾರಿ ಮಾಡಿದೆವು, ನಾಲ್ಕು ಬಾರಿಯೂ ಹಾಗೆಯೇ. ಕೆಲವು ದುರ್ಬೀನುಗಳಲ್ಲಿ ಗೆರೆಯು ಹಿಗ್ಗಿಸುವ ಮಸೂರಗಳ ಮುಂದೆ ಇದ್ದು ಬಿಂಬದೊಡನೆ ತಾನೂ ಹಿಗ್ಗುತ್ತದೆ, ಬಿಂಬ ಸರಿದರೆ ತಾನೂ ಸರಿಯುತ್ತದೆ. ಅಲ್ಲಿ ಈ ಮೋಸವಿಲ್ಲ. ಇವರದರಲ್ಲಿ ಗೆರೆ ಹಿಂದೆ. ಮಸೂರಗಳು ತಮ್ಮ ಹಾದಿಯಿಂದ ಕೂದಲೆಳೆಯಷ್ಟು ವಾಲಿದರೂ ಬಿಂಬ ಮಾತ್ರ ಸರಿದು ಗೆರೆ ನಿಂತಲ್ಲೇ ನಿಲ್ಲುವುದು. ಇದು ನಮ್ಮ ತಿರುಪುಳಿಗೆ ಎಟುಕುವ ರೋಗವಲ್ಲ.

“ಕಂಡಿತಲ್ಲ, ಸುಬೇದಾರರೇ, ದೋಷ ಕೈಯದಲ್ಲ” ಎಂದೆ. ಅವರ ಮುಖ ಅರಳಲಿಲ್ಲ. “ಮರಳಿನ ಮೇಲಿದ್ದಾಗ ಅದು ಅಲುಗುವುದಿಲ್ಲ ಮೇಷ್ಟ್ರೇ. ನಾನು ಹಿಡಿದಾಗ ಒಂಬತ್ತರಲ್ಲಿ ಹೇಗೆ ಕುಣಿಯುತ್ತದೆಂದು ನಿಮಗೇನು ಗೊತ್ತು? ಅದನ್ನು ನೋಡಿದ ಕೂಡಲೇ ಹೆದರಿ ಕುದುರೆಯನ್ನು ಜಗ್ಗಿಬಿಡುತ್ತೇನೆ” ಎಂದರು. ಐದು ವಾರಗಳಲ್ಲಿ ಅವರು ನಿಜವಾಗಿ ಹೇಳಬೇಕೆಂದಿದ್ದುದು ಇದೇ ಎಂದು ನನಗೆ ಆಗ ಹೊಳೆಯಿತು.

ಬರಿದಾದ ಕೋವಿಯನ್ನು ನಾನೇ ತೆಗೆದುಕೊಂಡೆ. ಜೀವಮಾನದಲ್ಲಿ ಅದೇ ಮೊದಲು. ಮೂರು ಮಡಿಯಲ್ಲಿ ಗೆರೆ ನಿಶ್ಚಲವಾಗಿ ಕಂಡಿತು. ಒಂಬತ್ತಕ್ಕೆ ತಿರುಗಿಸಿದೆನೋ ಇಲ್ಲವೋ, ಅದು ಲಯಬದ್ಧವಾಗಿ ಚಿಮ್ಮತೊಡಗಿತು. ನನ್ನ ಎದೆಬಡಿತವನ್ನು ನಾನು ಕಣ್ಣಿನಿಂದ ನೋಡುತ್ತಿದ್ದೆ. ಕೈ ಮೂರರಲ್ಲಿಯೂ ಅಷ್ಟೇ ನಡುಗುತ್ತಿತ್ತು, ಕಾಣುತ್ತಿರಲಿಲ್ಲ. ಕೆಲವು ವರ್ಷಗಳಿಂದ ನನ್ನ ಅಕ್ಷರದ ಒತ್ತುಗಳು ಅಂಕುಡೊಂಕಾಗುತ್ತಿರುವುದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಂದು ಸುಬೇದಾರರಿಗೆ ಹೇಳಿದೆ. ಅವರು ಕೋವಿಯನ್ನು ಹಿಂದಕ್ಕೆ ತೆಗೆದುಕೊಂಡು ನನ್ನ ಕೈಯನ್ನೊಮ್ಮೆ ನೋಡಿದರು.

ದುರ್ಬೀನನ್ನು ಅಂಗಡಿಗೆ ಹಿಂದಿರುಗಿಸೋಣವೆಂದರೆ, ಹಬ್ಬ ಕಳೆಯಲಿ ಎಂದರು. ಅಲ್ಲಿಯವರೆಗೆ ಉಂಗುರವನ್ನು ಆರಕ್ಕೆ ನಿಲ್ಲಿಸಿ, ಕಪ್ಪು ಟೇಪು ಸುತ್ತಿ, ಆ ಆರಕ್ಕೇ ಗುರಿಯನ್ನು ಹೊಸದಾಗಿ ಹೊಂದಿಸಿಕೊಂಡರು. ಸೆಪ್ಟೆಂಬರ್ 2ರ ಸಂಜೆ, ಮೋಡದ ಬೆಳಕಿನಲ್ಲಿ ಐದು ಗುಂಡು ಹೊಡೆದರು. ಕಾಗದವನ್ನು ನಾನೇ ಹೋಗಿ ತಂದೆ. ನಾಲ್ಕು ತೂತುಗಳು ಒಂದಂಗುಲದೊಳಗೆ ಒತ್ತಾಗಿದ್ದವು. ಐದನೆಯದು ಅವುಗಳಿಂದ ದೂರ, ಮೇಲೆ ಎಡಕ್ಕೆ. ನೋಟುಪುಸ್ತಕ ತೆರೆದು ನಾನು ಕಾರಣಗಳ ಸಾಲನ್ನು ನೋಡುತ್ತಿದ್ದಂತೆ ಸುಬೇದಾರರು ಕೋವಿಯ ನಳಿಗೆಯನ್ನು ಒರಸುತ್ತ ಹೇಳಿದರು:

“ಅದು ನನ್ನದು ಮೇಷ್ಟ್ರೇ. ದುರ್ಬೀನಿನ ಲೆಕ್ಕಕ್ಕೆ ಬರೆಯಬೇಡಿ.”

ಹಾಗೆಯೇ ಬರೆದುಕೊಂಡೆ. ಕೋವಿಯನ್ನು ಚೀಲದಲ್ಲಿಟ್ಟು, ಮರುದಿನದ ಪೂಜೆಗೆ ಹೂವು ತರಬೇಕೆಂದು ಅವರು ಜೀಪು ಹತ್ತಿದರು. ತಮ್ಮನ ಮಗನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.