ಕಲ್ಲಿನ ಮೇಲೆ ಹೆಸರಿರಲಿ

ತಾತನ ಸಮಾಧಿಕಲ್ಲಿಗೆ ಅಕ್ಷರದ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದರು ಅಪ್ಪ. ಕಲ್ಲು ಕೆತ್ತುವವರು ಮೊದಲು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹೆಸರು ಬರೆದು, ಅಪ್ಪನಿಗೆ ತೋರಿಸಿ ಒಪ್ಪಿಗೆ ಪಡೆದು ಉಳಿ ಹಿಡಿದರು. ಒತ್ತಕ್ಷರ ಬಂದಾಗ ಕೈ ನಿಧಾನವಾಗುತ್ತಿತ್ತು. ಒಂದು ಚಕ್ಕೆ ಹೆಚ್ಚು ಎದ್ದರೂ ಇಡೀ ಚಪ್ಪಡಿ ದಂಡ. ಕೆತ್ತಿದ ಗುಳಿಗೆ ಕರಿಬಣ್ಣ ತುಂಬಿ ಬಟ್ಟೆಯಲ್ಲಿ ಒರೆಸಿದರು. ಹೆಸರು, ಹುಟ್ಟು, ಸಾವು, ಊರು, ಅಷ್ಟೇ. ತಾತ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು ಎಂದು ಬರೆಸಲು ಅಪ್ಪನಿಗೆ ಆಸೆಯಿತ್ತು, ದುಡ್ಡಿರಲಿಲ್ಲ.

ಈಗ ಕಲ್ಲಿನ ಮೂಲೆಯಲ್ಲಿ ಕ್ಯೂಆರ್ ಕೋಡ್ ಬಂದಿದೆ. ಜಪಾನಿನ ಡೆನ್ಸೊ ಕಂಪನಿ 1994ರಲ್ಲಿ ವಾಹನದ ಬಿಡಿಭಾಗಗಳ ಲೆಕ್ಕ ಇಡಲು ಮಾಡಿದ ಗುರುತು ಅದು. 2008ರ ಹೊತ್ತಿಗೆ ಆ ದೇಶದಲ್ಲೇ ಸಮಾಧಿಗಳಿಗೂ ಹತ್ತಿತು. 2023ರಲ್ಲಿ ಕೇರಳದ ತ್ರಿಶೂರಿನಲ್ಲಿ ಒಂದು ಕುಟುಂಬ ಮಗನ ಸಮಾಧಿಗೆ ಹಾಕಿಸಿದ್ದು ಸುದ್ದಿಯಾಯಿತು.

ನಮ್ಮ ಚಿಕ್ಕಪ್ಪನ ಸಮಾಧಿಗೂ ಹೊರದೇಶದಲ್ಲಿರುವ ಮಕ್ಕಳು ಕೋಡ್ ಹಾಕಿಸಿದರು. ಸಕಲ ಆತ್ಮರ ದಿನ ಮೇಣದಬತ್ತಿ ಹಚ್ಚಿ, ಮೊಬೈಲ್ ಹಿಡಿದರೆ ಚಿಕ್ಕಪ್ಪ ಕ್ರಿಸ್ಮಸ್ ಹಾಡು ಹೇಳುತ್ತಿದ್ದರು. ನಡುವೆ ಕೆಮ್ಮಿ, ಮತ್ತೆ ಶುರುಮಾಡುವುದೂ ಅದರಲ್ಲಿತ್ತು. ಯಾವ ಉಳಿಗೂ ಸಾಧ್ಯವಿಲ್ಲದ ಕೆಲಸ ಅದು; ನಾನು ಕೋಡಿನ ಪರ ಆದದ್ದು ಆ ಕೆಮ್ಮು ಕೇಳಿದ ಮೇಲೆ. ಕೆಲವು ವರ್ಷಗಳಾದ ಮೇಲೆ ಕೋಡ್ ತೋರಿಸುತ್ತಿದ್ದ ಜಾಲಪುಟ ತೆರೆಯಲಿಲ್ಲ. ನಡೆಸುತ್ತಿದ್ದ ಕಂಪನಿಯೇ ಮುಚ್ಚಿತ್ತು. ಕೋಡ್ ಮಾತ್ರ ಚೆನ್ನಾಗಿತ್ತು. ಸರಿಯಾಗಿ ಮಾಡಿದ ಕೋಡು ಶೇ 30ರಷ್ಟು ಹಾಳಾದರೂ ಓದಿಸಿಕೊಳ್ಳುತ್ತದೆ. ಆದರೆ ಅದರೊಳಗೆ ಇರುವುದು ಬರೀ ವಿಳಾಸ. ಹಾಡು ಇರುವುದು ಬೇರೆಯವರ ಕಂಪ್ಯೂಟರಿನಲ್ಲಿ.

ಕಲ್ಲಿನ ಬಾಳಿಕೆ ತಿಳಿಯಬೇಕಾದರೆ ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನು ನೋಡಿ. ಸುಮಾರು 750ನೇ ಇಸವಿಯದು, 2018ರಲ್ಲಿ ಬೆಳಕಿಗೆ ಬಂತು. ಸಾವಿರದ ಇನ್ನೂರು ವರ್ಷ ದಾಟಿದರೂ ಬಲ್ಲವರು ಅವನ ಹೆಸರು ಓದಿದರು. ಮಿಥಿಕ್ ಸೊಸೈಟಿ ಎಂಬ ಸಂಸ್ಥೆ ಈಗ ಅಂಥ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತಿದೆ. ಅಲ್ಲಿ ಕಲ್ಲು ಮೊದಲು, ಕಂಪ್ಯೂಟರ್ ಆಮೇಲೆ. ನನ್ನ ಪ್ರಕಾರ ಸರಿಯಾದ ಕ್ರಮ ಅದೇ.

ಆದರೆ ಚಿಕ್ಕಪ್ಪನ ಕಲ್ಲಿನಲ್ಲಿ ಹೆಸರು ಬಿಟ್ಟರೆ ಏನೂ ಇರಲಿಲ್ಲ, ಇಸವಿ ಕೂಡ. ಎಲ್ಲ ಪುಟದಲ್ಲಿದೆಯಲ್ಲ ಎಂದುಕೊಂಡಿದ್ದರು ಮಕ್ಕಳು.

ಕೋಡ್ ಖಂಡಿತ ಹಾಕಿಸಿ. ಹೆಸರು, ಊರು, ಇಸವಿಗಳನ್ನು ಮಾತ್ರ ಕಲ್ಲಿನ ಮೇಲೆ ಅಕ್ಷರದಲ್ಲೇ ಕೆತ್ತಿಸಿ. ಹಾಡು, ಫೋಟೊಗಳ ಪ್ರತಿಯನ್ನು ಮನೆಯಲ್ಲೊಂದು, ನೆಂಟರ ಹತ್ತಿರ ಒಂದು ಇಡಿ. ನಿಮ್ಮ ನಂತರ ಆ ಪುಟವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಈಗಲೇ ಮಾತಾಡಿಕೊಳ್ಳಿ.